ತಟ್ಟೆ ಸ್ಟ್ಯಾಂಡಿನ ಸೂಪರ್ ಕಂಪ್ಯೂಟರ್

ಚಿತ್ರದುರ್ಗದ ಆ ಬಾಡಿಗೆ ಮನೆಯ ನಡುಮನೆಯಲ್ಲಿ ಸ್ಟೀಲಿನ ತಟ್ಟೆ ಸ್ಟ್ಯಾಂಡುಗಳು ಗೋಡೆಯುದ್ದಕ್ಕೂ ನಿಂತಿದ್ದವು. ತಟ್ಟೆ ಇರಬೇಕಾದ ಸಂದಿಗಳಲ್ಲೆಲ್ಲ ಹಳೇ ಮೊಬೈಲುಗಳು. ಟೇಬಲ್ ಫ್ಯಾನುಗಳು ಅವುಗಳ ಬಿಸಿಯನ್ನು ಕಿಟಕಿಯಾಚೆ ತಳ್ಳುತ್ತಿದ್ದವು. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇದೊಂದು ಸೂಪರ್ ಕಂಪ್ಯೂಟರ್. ಅದು ಕೆಲಸವನ್ನೂ ಮಾಡುತ್ತಿತ್ತು.

ಕಟ್ಟಿದವಳು ಜೀವರಸಾಯನ ವಿಜ್ಞಾನಿ ಸಿಂಚನಾ. ಇದು 2055ರ ಮಾತು. ಆ ಹೊತ್ತಿಗೆ ಸಿಂಚನಾ ಎಂಬುದು ತಲೆ ನರೆತ ಹೆಂಗಸರ ಹೆಸರಾಗಿತ್ತು. ಅವಳ ಅಕ್ಕ ಅನುಪಮಾಳ ಮಗಳು ಧಾತ್ರಿಗೆ ಯಕೃತ್ತಿನ ಕಾಯಿಲೆ. ದೇಹದ ಒಂದು ಪ್ರೋಟೀನು ತಪ್ಪಾಗಿ ಮಡಚಿಕೊಂಡು ಯಕೃತ್ತನ್ನು ತಿನ್ನುತ್ತಿತ್ತು. ಆ ಮಡಿಕೆಯೊಳಗೆ ಸರಿಯಾಗಿ ಕೂರುವ ಔಷಧದ ಅಣು ಯಾವುದೆಂದು ಹುಡುಕಲು ಅಗಾಧವಾದ ಲೆಕ್ಕ ಬೇಕು. ಆ ಖರ್ಚು ಕೊಡುವುದಿಲ್ಲವೆಂದು ವಿಮಾ ಕಂಪನಿ ಕೈಯೆತ್ತಿಬಿಟ್ಟಿತ್ತು. ಸರ್ಕಾರಿ ಸೂಪರ್ ಕಂಪ್ಯೂಟರಿನ ಸರದಿ ಬರುವಷ್ಟರಲ್ಲಿ ಹುಡುಗಿ ಉಳಿಯುತ್ತಿರಲಿಲ್ಲ.

ಸಿಂಚನಾ ಬೀದಿ ಬೀದಿ ಸುತ್ತಿದಳು. ನಮ್ಮ ಜನ ಹಳೇ ಮೊಬೈಲನ್ನು ಎಸೆಯುತ್ತಾರೆಯೇ? ‘ಇರಲಿ ಬಿಡು’ ಎಂದು ಬೀರುವಿನೊಳಗೆ ತುರುಕುತ್ತಾರೆ. ಕೇಳಿದ ಮನೆಗಳಲ್ಲೆಲ್ಲ ಸಿಕ್ಕವು. ಅವರೆಕಾಯಿಯ ಕಾಲದಲ್ಲಿ ಮನೆಮಂದಿಯೆಲ್ಲ ಸುತ್ತ ಕೂತು ಕಾಳು ಹಿತುಕುತ್ತಾರಲ್ಲ, ಹಾಗೆ ಆ ದೊಡ್ಡ ಲೆಕ್ಕವನ್ನು ಚೂರು ಮಾಡಿ ಎಲ್ಲ ಮೊಬೈಲುಗಳಿಗೂ ಹಂಚಿದಳು.

ಆದರೆ ಯಂತ್ರ ಅರ್ಧ ವೇಗದಲ್ಲೇ ತೆವಳಿತು. ಬಿಸಿಯಿಂದ ಇರಬೇಕೆಂದು ಇನ್ನೊಂದು ಫ್ಯಾನು ತಂದಳು, ವೈರು ಬದಲಿಸಿದಳು. ಊಹೂಂ. ಅತ್ತ ಧಾತ್ರಿಯ ಕಣ್ಣು ಹಳದಿಗೆ ತಿರುಗುತ್ತಿತ್ತು. ಕೊನೆಗೆ ಒಂದೊಂದೇ ಮೊಬೈಲಿನ ಒಳಗೆ ಇಣುಕಿದವಳು ಹೌಹಾರಿಬಿಟ್ಟಳು. ಇಂಟರ್ನೆಟ್ಟಿಗೆ ಸೇರಿದೊಡನೆ ಪ್ರತಿಯೊಂದೂ ತನ್ನ ಅರ್ಧ ಶಕ್ತಿಯನ್ನು ಬೇರೆ ಯಾರದೋ ಕೆಲಸಕ್ಕೆ ಕೊಡುತ್ತಿತ್ತು. ಅವಳಿಗಿಂತ ಮೊದಲೇ ಯಾರೋ ಊರೂರಿನ ಮೊಬೈಲುಗಳನ್ನೆಲ್ಲ ಸೇರಿಸಿ ಇಂಥದೇ ಯಂತ್ರ ಕಟ್ಟಿಯಾಗಿತ್ತು.

ಯಾರೆಂದು ನೋಡಿದರೆ ಅದೇ ವಿಮಾ ಕಂಪನಿ! ಮನುಷ್ಯನ ಕೆಮ್ಮು, ನಿದ್ದೆ, ನಡಿಗೆ, ತರಿಸಿಕೊಂಡ ಮಾತ್ರೆ, ಎಲ್ಲವೂ ಅವನ ಮೊಬೈಲಿಗೆ ಗೊತ್ತು. ಹಾಗಾಗಿ ಕಂಪನಿ, ಇವನ ಚಿಕಿತ್ಸೆಗೆ ಹಣ ಕೊಡಬೇಕೋ ಬೇಡವೋ ಎಂಬ ಲೆಕ್ಕವನ್ನೂ ಅದರಲ್ಲೇ, ಅವನದೇ ಕರೆಂಟಿನಲ್ಲಿ, ಮಾಡಿಸಿಕೊಳ್ಳುತ್ತಿತ್ತು. ಬಿಡುವಾಗಿದ್ದ ಮೊಬೈಲಿಗೆ ನೆರೆಯವರ ಲೆಕ್ಕವನ್ನೂ ಹೊರಿಸುತ್ತಿತ್ತು. ಎಂಥ ಭಂಡತನ ನೋಡಿ.

ಸಿಂಚನಾ ಅಕ್ಕನ ಕೈಯಲ್ಲಿದ್ದ ಮೊಬೈಲನ್ನು ಇಸಿದುಕೊಂಡು ನೋಡಿದಳು. ಮುಗಿದ ಲೆಕ್ಕಗಳ ನಡುವೆ ಧಾತ್ರಿಯದೂ ಇತ್ತು.

“ಅಕ್ಕಾ, ಧಾತ್ರಿಗೆ ದುಡ್ಡು ಕೊಡಲ್ಲ ಅಂತ ತೀರ್ಮಾನ ಆಗಿದ್ದು ಕಂಪನಿ ಆಫೀಸಲ್ಲಲ್ಲ. ಇದರೊಳಗೇ ಕಣಕ್ಕ.”

ಅನುಪಮಾ ಮೊಬೈಲನ್ನು ಮರಳಿ ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇದನ್ನ ಅವಳ ದಿಂಬಿನ ಪಕ್ಕದಲ್ಲೇ ಚಾರ್ಜಿಗೆ ಹಾಕ್ತಿದ್ದೆನಲ್ಲೇ. ಯಾರನ್ನ ಕೇಳಿ ಮಾಡಿದ್ರು?”

“ನಿನ್ನನ್ನೇ. ವಿಮೆ ಮಾಡಿಸುವಾಗ ಕರಾರು ಓದದೇ ‘ಒಪ್ಪಿದ್ದೇನೆ’ ಅಂತ ಒತ್ತಿದೀಯ. ನಾನೂ ಒತ್ತಿದೀನಿ.”

ಲೆಕ್ಕಕ್ಕೆ ಬೇಕಾದ ಮಾಹಿತಿಯೆಲ್ಲ ಆಗಲೇ ಇಳಿದಿತ್ತು. ಸಿಂಚನಾ ಇಂಟರ್ನೆಟ್ಟಿನ ತಂತಿಯನ್ನೇ ಕಿತ್ತು ಹಾಕಿದಳು. ಕಂಪನಿಯ ಕೆಲಸ ಒಳಗೆ ಬರುವ ದಾರಿ ಮುಚ್ಚಿತು, ಮೊಬೈಲುಗಳೆಲ್ಲ ಧಾತ್ರಿಯೊಬ್ಬಳಿಗೇ ದುಡಿದವು. ಆ ವಾರದಲ್ಲೇ ಅಣು ಸಿಕ್ಕಿತು. ಬೇರೊಂದು ಕಾಯಿಲೆಗೆ ಆಸ್ಪತ್ರೆಗಳಲ್ಲಿ ಆಗಲೇ ಕೊಡುತ್ತಿದ್ದ ಔಷಧವೇ ಅದು. ಸಿಂಚನಾ ಗೊಳೋ ಎಂದು ಅತ್ತಳು.

ಡಾಕ್ಟರು ಲೆಕ್ಕವನ್ನು ಪರೀಕ್ಷಿಸಿ ಒಪ್ಪಿದರು. ಧಾತ್ರಿಯನ್ನು ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿಸಿದರು. ಅಷ್ಟರಲ್ಲಿ ಅನುಪಮಾಳ ಮೊಬೈಲಿಗೆ ಆಸ್ಪತ್ರೆಯ ಕರಾರು ಬಂತು. ಅವಳು ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಓದತೊಡಗಿದಳು. ಬೆರಳಿನಲ್ಲಿ ತಳ್ಳಿದಷ್ಟೂ ಅದು ಮುಗಿಯಲಿಲ್ಲ. ಒತ್ತದಿದ್ದರೆ ಏನಾಗುತ್ತದೆಂದು ಕೌಂಟರಿನ ಹುಡುಗಿಯನ್ನು ಕೇಳಿದಳು. ಔಷಧದ ಪೆಟ್ಟಿಗೆಯೇ ತೆರೆದುಕೊಳ್ಳುವುದಿಲ್ಲವಂತೆ.

“ಯಾರೂ ಓದಲ್ಲಮ್ಮ ಅದನ್ನ,” ಎಂದಳು ಹುಡುಗಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ. “ಕೆಳಗಡೆ ಒತ್ತಿಬಿಡಿ. ಮಗು ಕಾಯ್ತಾ ಇದೆ.”

ಅನುಪಮಾ ತಂಗಿಯ ಕಡೆ ತಿರುಗಿದಳು. ಎಲ್ಲವನ್ನೂ ಕಣ್ಣಾರೆ ಕಂಡಿದ್ದ ಸಿಂಚನಾ, “ಒತ್ತಕ್ಕ” ಎಂದಳು.