ಎರಡೂ ಕಡೆ ಸಿಂಹ

ಇದನ್ನು ಗಾಜಿನ ಮೇಲೆ ಬೀಳಿಸಬೇಕೇ, ಬೇಡವೇ? ಬೀಳಿಸಿದರೆ ಸದ್ದೇ ಎಲ್ಲವನ್ನೂ ಹೇಳಿಬಿಡುತ್ತದೆ. ಬೀಳಿಸದಿದ್ದರೆ ಅವಳೇ ಕೇಳುತ್ತಾಳೆ. ಕೇಳಿದರೆ ಏನು ಹೇಳುವುದು?

ಗುರುಪಾದಸ್ವಾಮಿ ಎರಡು ರೂಪಾಯಿಯ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕುಳಿತಿದ್ದ. ಚಾಮರಾಜನಗರದ ಆ ವಾಚ್ ರಿಪೇರಿ ಅಂಗಡಿ ಅವನ ಸೋದರಮಾವ ಶಿವಮೂರ್ತಿಯದು. ಇತಿಹಾಸದಲ್ಲಿ ಎಂ.ಎ. ಮಾಡಿದ ಅಳಿಯ ಅಲ್ಲಿ ಕುಳಿತು ವಾಚಿಗೆ ಸೆಲ್ ಹಾಕುತ್ತಿದ್ದ. ಟಂಕಸಾಲೆಯಲ್ಲಿ ತಪ್ಪಾಗಿ ಅಚ್ಚಾದ ಅಪರೂಪದ ಕಾಯಿನ್ನೆಂದು ನಂಬಿ ಆನ್‌ಲೈನಿನಲ್ಲಿ ತರಿಸಿಕೊಂಡವರು ಅಸಲಿಯೋ ನಕಲಿಯೋ ಕೇಳಲು ಅವನ ಬಳಿಗೇ ಬರುತ್ತಿದ್ದರು. ಮುಖ ಸಣ್ಣದು ಮಾಡಿಕೊಂಡು ಹೋಗುವವರೇ ಹೆಚ್ಚು. ಯಾರ ಸಮಾಧಾನಕ್ಕೂ ಅವನು ಸುಳ್ಳು ಹೇಳಿದವನಲ್ಲ.

ಇಂದು ಸ್ಟೂಲಿನ ಮೇಲೆ ಕುಳಿತಿದ್ದವಳು ಶಶಿರೇಖಾ.

ಗುಂಡ್ಲುಪೇಟೆಯ ಊಟಿ ರಸ್ತೆಯ ಬೇಕರಿಯೊಂದರ ಗಲ್ಲಾದಲ್ಲಿ ಕೂರುವವಳು. ವರ್ಷದ ಹಿಂದೆ ಅವಳು ಕೊಟ್ಟ ಚಿಲ್ಲರೆಯನ್ನು ಅವನು ತಿರುಗಿಸಿ ತಿರುಗಿಸಿ ನೋಡಿದಾಗ, "ಸರ್ಕಾರದ್ದೇ ಕಣ್ರೀ, ನಾನೇನ್ ಮನೇಲಿ ಮಾಡ್ಕೊಂಡ್ ಬಂದಿಲ್ಲ" ಎಂದು ಹುಬ್ಬೇರಿಸಿದ್ದಳು. ಅಂದಿನಿಂದ ಪ್ರತಿ ಭಾನುವಾರ ಅವನಿಗೆ ಗುಂಡ್ಲುಪೇಟೆಯ ಖಾರಾ ಬನ್ನೇ ಬೇಕು.

ಅಕ್ಷರ ಮಸುಕಾದ, ಅಂಚು ಸೊಟ್ಟಗಾದ ನಾಣ್ಯಗಳನ್ನೆಲ್ಲ ಅವಳು ಅವನಿಗಾಗಿ ಎತ್ತಿಡುತ್ತಿದ್ದಳು. ಅವನು ಅವನ್ನು ನೋಡುವಾಗ, ಭೂತಗನ್ನಡಿಯ ಹಿಂದೆ ಕಿರಿದಾಗುವ ಅವನ ಕಣ್ಣನ್ನು ಅವಳು ನೋಡುತ್ತಿದ್ದಳು. ಅವನು ತಲೆಯೆತ್ತಿದರೆ ಸಾಕು, ಬಿಸ್ಕತ್ತಿನ ಡಬ್ಬದ ಮುಚ್ಚಳ ಸರಿಮಾಡುವವಳಂತೆ ಆಚೆ ತಿರುಗುತ್ತಿದ್ದಳು.

ಒಮ್ಮೆ ಅವನು, "ಎರಡೂ ಕಡೆ ಸಿಂಹ ಇರೋ ಕಾಯಿನ್ ಒಂದು ಸಿಗ್ಬೇಕು ನಂಗೆ. ಸಿಕ್ಕುದ್ ದಿನ ನಿಮ್ಮನೆಗೆ ಬಂದು ಹೆಣ್ ಕೇಳ್ತೀನಿ" ಎಂದಿದ್ದ. ಅಷ್ಟು ಹೇಳುವುದಕ್ಕೂ ಅವನಿಗೆ ನಾಣ್ಯದ ಮರೆ ಬೇಕಾಗಿತ್ತು.

"ಹಂಗಾದ್ರೆ ನಾನು ಮುದ್ಕಿ ಆಯ್ತೀನಿ ಬುಡಿ" ಎಂದು ಅವಳು ನಕ್ಕಿದ್ದಳು.

ಈ ಶನಿವಾರ ಅವಳೇ ಬಸ್ಸು ಹತ್ತಿ ಬಂದಿದ್ದಳು. "ಭಾನ್ವಾರದ ಗಂಟ ಕಾಯಕ್ಕಾಗ್ನಿಲ್ಲ. ಸೋಮ್ವಾರ ಸಂತೆಮರಳ್ಳಿಯಿಂದ ನನ್ನ ನೋಡಕ್ಕೆ ಬತ್ತಾವ್ರೆ" ಎಂದು, ಪುಟ್ಟ ಕವರನ್ನು ಅವನ ಮುಂದಿಟ್ಟಿದ್ದಳು. "ಆನ್‌ಲೈನಲ್ಲಿ ತರ್ಸ್ದೆ. ಎರಡ್ ಕಡೆನೂ ಸಿಂಹ. ನೋಡಿ ಯೋಳಿ, ಸ್ವಾಮ್ಗಳೆ."

"ಬೇಗ್ನೆ ನೋಡ್ಲಾ, ಆ ಹೆಣ್ಮಗ ಅಷ್ಟು ದೂರದಿಂದ ಬಂದದೆ" ಎಂದು ಮಾವ ಟೀ ಕುಡಿಯಲು ಹೊರಟುಹೋದ.

ಕೈ ಅವನ ಅಪ್ಪಣೆಗೆ ಕಾಯಲಿಲ್ಲ. ನಾಣ್ಯ ಗಾಜಿನ ಮೇಲೆ ಬಿತ್ತು. ಅಸಲಿಯಾಗಿದ್ದರೆ ಟಣ್ಣೆನ್ನಬೇಕಿತ್ತು, ಮರದ ಚೂರು ಬಿದ್ದಂತೆ ಟೊಕ್ ಎಂದಿತು. ಭೂತಗನ್ನಡಿ ಹಿಡಿದರೆ ಅಂಚಿನ ಒಳಗೆ ಕೂದಲೆಳೆಯಂಥ ಗೆರೆ.

"ಡೂಪ್ಲಿಕೇಟು" ಎಂದುಬಿಟ್ಟ.

ಎಂದಮೇಲೆ ನಿಲ್ಲಿಸಲಾಗಲಿಲ್ಲ. "ಇಲ್ನೋಡಿ, ಗೆರೆ ಕಾಣ್ತದಲ್ಲ? ಒಂದು ಕಾಯಿನ್ನಿನ ಹೊಟ್ಟೆ ಕೊರ್ದು, ಇನ್ನೊಂದ್ನ ತೆಳ್ಳಗೆ ಉಜ್ಜಿ ಒಳಕ್ಕೆ ಕೂರ್ಸವ್ರೆ. ಅದಕ್ಕೇ ಸದ್ದು ಸತ್ತೋಗದೆ..." ಅವಳ ಮುಂದೆ ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು.

ಶಶಿರೇಖಾ ಗೆರೆಯನ್ನು ನೋಡಲಿಲ್ಲ. "ಒಂದ್ ಸಲ, ಒಂದೇ ಸಲ, ಸುಳ್ಳು ಯೋಳಕ್ಕಾಯ್ತಿರ್ನಿಲ್ವಾ?" ಎಂದಳು.

ಆಗ ಅವನಿಗೆ ಅರ್ಥವಾಯಿತು. ಅವಳು ತಂದದ್ದು ನಾಣ್ಯವನ್ನಲ್ಲ, ಅವನಿಗೊಂದು ನೆಪವನ್ನು. ಅದನ್ನೇ ಅವನು ನಕಲಿ ಎಂದಿದ್ದ.

"ಹಂಗಲ್ಲ, ಶಶಿ..."

"ಇರ್ಲಿ ಬುಡಿ. ಕಾಯಿನ್ ಸಿಕ್ನಿಲ್ಲ, ನೀವೂ ಬರಂಗಿಲ್ಲ. ಇದ್ನ ವಾಪಸ್ ತಕ್ಕೊತಾರಾ?"

"ಏಳು ದಿನದೊಳ್ಗಾದ್ರೆ ತಕ್ಕೊತಾರೆ. ಬಾಕ್ಸ್ ಇಟ್ಟಿದ್ದೀರಾ?"

ಅವಳು ಒಂದು ಕ್ಷಣ ಅವನನ್ನೇ ನೋಡಿ ಜೋರಾಗಿ ನಕ್ಕಳು. ನಗುತ್ತಲೇ ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡಳು. "ನಿಮ್ಮನ್ ಕಟ್ಕೊಂಡು ಯಾರ್ ಏಗ್ತಾರೋ ಕಾಣೆ!"

ಬಸ್ ನಿಲ್ದಾಣದವರೆಗೂ ಅವನು ಎರಡು ಹೆಜ್ಜೆ ಹಿಂದೆಯೇ ನಡೆದ. "ತೆರಕಣಾಂಬಿ, ಗುಂಡ್ಲುಪೇಟೆ!" ಎಂದು ಕಂಡಕ್ಟರ್ ಕೂಗುತ್ತಿದ್ದ. ಅವಳು ಕಿಟಕಿಯ ಪಕ್ಕ ಕುಳಿತಳು. ಅವನು ಕೆಳಗೆ ನಿಂತು ಕಿಟಕಿಯ ಸರಳು ಹಿಡಿದುಕೊಂಡ. ಅವಳ ಬೆರಳು ನಾಲ್ಕಂಗುಲ ದೂರದಲ್ಲಿತ್ತು.

"ಸೋಮ್ವಾರ..." ಎಂದ.

"ಸೋಮ್ವಾರ?" ಅವಳು ಥಟ್ಟನೆ ಮುಖವನ್ನು ಕಿಟಕಿಗೆ ತಂದಳು.

ಸೀಟಿ ಕೇಳಿತು. ಬಸ್ಸು ಅದುರಿತು. ಅವಳ ಕಣ್ಣು ಅವನ ತುಟಿಯ ಮೇಲೇ ನಿಂತಿತ್ತು.

"ಏನಿಲ್ಲ. ಹುಷಾರು."

ಬಸ್ಸು ತಿರುವಿನವರೆಗೆ ಹೋಗುವಷ್ಟು ಹೊತ್ತೂ ಅವಳು ಮುಖವನ್ನು ಕಿಟಕಿಯಿಂದ ತೆಗೆಯಲಿಲ್ಲ. ಅವನು ಕೈಯೆತ್ತಲೂ ಇಲ್ಲ.

ನಾಣ್ಯ ಸಿಗಲಿ, ಬಿಡಲಿ, ಸೋಮವಾರ ಸಂತೆಮರಳ್ಳಿಯವರಿಗಿಂತ ಮೊದಲು ತಾನೇ ಬಂದು ಕೇಳುತ್ತೇನೆ ಎಂದು ಗುರುಪಾದಸ್ವಾಮಿ ಅವಳಿಗೆ ಹೇಳಲಿಲ್ಲ.