ಒಂಬತ್ತನೇ ಕಿಲೋಮೀಟರು

ಬಸ್ ಡ್ರೈವರೊಬ್ಬರ ಯೂನಿಫಾರ್ಮ್ ಅಂಗಿಗೆ ಕಾಲರು ಕತ್ತರಿಸೋಣವೆಂದು ಸೊಸೆ ಮೇಜಿನ ಮೇಲೆ ಬಟ್ಟೆ ಹಾಸಿಕೊಂಡಿದ್ದಳಷ್ಟೆ, ಅವಳ ಅಕ್ಕ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಚಪ್ಪಲಿ ಬಿಡಲಿಲ್ಲ, ಕೂರಲಿಲ್ಲ. ಎರಡೂ ಕೈಗೆ ಮೊಣಕೈವರೆಗೆ ಬೂದು ಬಣ್ಣದ ಕೆಸರು ಮೆತ್ತಿಕೊಂಡಿತ್ತು.

"ನಿಮ್ಮತ್ತೆ ಎಲ್ಲಿ?" ಎಂದಳು.

"ಇಲ್ಲೇ ಇದೀನಿ, ಹೇಳಮ್ಮ. ಮೊದಲು ಆ ಬಟ್ಟೆಯಿಂದ ದೂರ ನಿಂತ್ಕೋ. ಕಲೆ ಆದ್ರೆ ನನ್ನ ಸೊಸೆ ನಮ್ಮಿಬ್ಬರನ್ನೂ ಮನೆಯಿಂದ ಓಡಿಸ್ತಾಳೆ," ಎಂದು ಒಳಕೋಣೆಯಿಂದ ದನಿ ಬಂತು.

ಈ ಅತ್ತೆಯನ್ನು ಇಡೀ ಬೀದಿ ತಕ್ಕಡಿ ಅತ್ತೆ ಎಂದೇ ಕರೆಯುತ್ತಿತ್ತು. ತೂಕ-ಅಳತೆ ಇಲಾಖೆಯಲ್ಲಿ ಮೂವತ್ತು ವರ್ಷ ಇನ್ಸ್‌ಪೆಕ್ಟರಾಗಿ, ಎಷ್ಟೋ ಅಂಗಡಿಯವರ ಬೆವರಿಳಿಸಿದ ಹೆಂಗಸು. ನಿವೃತ್ತಿಯಾದ ಮೇಲೂ ಮೂಗು ಸುಮ್ಮನಿರಲಿಲ್ಲ. ಊರಿನಲ್ಲಿ ಏನು ಕಳೆದುಹೋದರೂ, ಯಾರ ಮೇಲೆ ಸುಳ್ಳು ಆರೋಪ ಬಂದರೂ ಜನ ಈ ಮನೆಯ ಬಾಗಿಲು ತಟ್ಟುತ್ತಿದ್ದರು. ಸ್ಕೂಟರ್ ಓಡಿಸುವ ಕೆಲಸ ಮಾತ್ರ ಪಾಪ ಸೊಸೆಯ ಪಾಲಿಗೆ.

ಅಕ್ಕ ನಿಂತಲ್ಲೇ ಹೇಳಿದಳು. ದಡದಿಂದ ದೂರ ಸಮುದ್ರದಲ್ಲಿ ಗಾಳಿಯಂತ್ರಗಳ ಗೋಪುರಗಳು ಏಳುತ್ತಿದ್ದವು. ಅವುಗಳ ಕರೆಂಟು ದಡ ಸೇರಬೇಕಾದರೆ ಸಮುದ್ರದ ತಳದಲ್ಲಿ ಕೇಬಲ್ ಹೂಳಬೇಕು. ಆ ಕೇಬಲ್ ಎಲ್ಲಿಂದ ಹಾಯಬೇಕೆಂದು ದಾರಿ ಹಾಕುವುದು ಅಕ್ಕನ ಕೆಲಸ. ಮೂವತ್ತೆರಡು ಕಿಲೋಮೀಟರಿಗೂ ಒಂದೊಂದರಂತೆ ತಳದ ಮಣ್ಣನ್ನು ಉದ್ದನೆಯ ಕೊಳವೆಗಳಲ್ಲಿ ತೆಗೆಸಿದ್ದಳು. ಇಪ್ಪತ್ನಾಲ್ಕನೇ ಕೊಳವೆಯಲ್ಲಿ ಬರೀ ಮಣ್ಣಲ್ಲ, ಜೀವಂತ ಚಿಪ್ಪುಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದ ದಿಬ್ಬವೇ ಸಿಕ್ಕಿತ್ತು. ಊರಿನ ದೋಣಿಗಳೆಲ್ಲ ಬದುಕುವ ಮೀನು ಮೊಟ್ಟೆಯಿಡುವುದು ಅಲ್ಲೇ. ಅದನ್ನು ಸುತ್ತಿಬಳಸಿ ಹೋಗುವಂತೆ ಅವಳು ದಾರಿಗೆ ಒಂದು ತಿರುವು ಕೊಟ್ಟಿದ್ದಳು.

"ಇವತ್ತು ಮೂರು ಗಂಟೆಗೆ ಸರ್ಕಾರದ ತಪಾಸಣಾಧಿಕಾರಿ ಬಂದು ಆ ಕೊಳವೆ ನೋಡಬೇಕಿತ್ತು. ಕೆಂಪು ಬಟ್ಟೆ ಕಟ್ಟಿ ಬೇರೆ ಮೇಜಿನ ಮೇಲೆ ಇಟ್ಟಿದ್ದೆ. ಬೆಳಗ್ಗೆ ನೋಡಿದ್ರೆ ಖಾಲಿ ಕೊಳವೆ ಸಿಂಕಿನಲ್ಲಿ ಬಿದ್ದಿದೆ! ನಲ್ಲಿ ಬಿಟ್ಟು ಪೂರ್ತಿ ತೊಳೆದು ಹಾಕಿದಾರೆ. ಎರಡೂ ಕೈ ಹಾಕಿ ಬಾಚಿದೆ, ಕೆಸರು ಬಿಟ್ಟು ಏನೂ ಸಿಗಲಿಲ್ಲ. ಸಾಲದ್ದಕ್ಕೆ ನನ್ನ ಡ್ರಾಯರಿನಲ್ಲಿ ಇದೊಂದು ಕಾಗದ."

ಅದರ ನಕಲು ಅವಳ ಚೀಲದಲ್ಲಿತ್ತು. ದೋಣಿಯವರ ಮುಖಂಡನಿಗೆ ಅಕ್ಕನೇ ಬರೆದಂತೆ, ಅಕ್ಕನ ಕಂಪ್ಯೂಟರಿನಲ್ಲೇ ಟೈಪು ಮಾಡಿದ ಕಾಗದ. 'ಒಂಬತ್ತನೇ ಕಿಲೋಮೀಟರಿನಲ್ಲಿ ದಿಬ್ಬವಿಲ್ಲ. ನೀವು ಕೊಟ್ಟ ಚಿಪ್ಪನ್ನು ನಾನೇ ಕೊಳವೆಗೆ ತುಂಬಿದ್ದು. ಅಧಿಕಾರಿ ಪರೀಕ್ಷೆ ಮಾಡಿದರೆ ಗುಟ್ಟು ರಟ್ಟಾಗುತ್ತದೆ. ಅಷ್ಟರೊಳಗೆ ಕೊಳವೆ ಖಾಲಿ ಮಾಡುತ್ತೇನೆ.'

"ಒಂಬತ್ತರಲ್ಲಿ ನಾನು ಯಾವತ್ತೂ ದಿಬ್ಬ ಇದೆ ಅಂದೇ ಇಲ್ಲ ಅಂತ ಬಡ್ಕೊಂಡೆ. 'ಗಾಬರಿಯಲ್ಲಿ ತಪ್ಪು ಅಂಕಿ ಬರೆದಿದ್ದೀಯ' ಅಂದ್ರು ನಮ್ಮ ಮುಖ್ಯಸ್ಥರು. ಆಮೇಲೆ ಇದನ್ನ ಕೈಗಿತ್ತರು," ಎಂದು ಅಕ್ಕ ಇನ್ನೊಂದು ಕಾಗದ ಎಸೆದಳು. ದಪ್ಪನೆಯ, ಕಚೇರಿಯ ಮುದ್ರೆಯಿರುವ ಹಾಳೆ. ತಪ್ಪೊಪ್ಪಿಗೆ ಪತ್ರ. ದಿಬ್ಬ ಸುಳ್ಳು, ತಿರುವು ಬೇಡ, ಕ್ಷಮಿಸಿ ಎಂದು ಬರೆದಿತ್ತು. ಕೆಳಗೆ ರುಜುವಿನ ಜಾಗ ಖಾಲಿ. "ಮೂರು ಗಂಟೆಯೊಳಗೆ ರುಜು ಹಾಕಿದ್ರೆ ಕೆಲಸ ಉಳಿಯುತ್ತಂತೆ. ಇಲ್ಲದಿದ್ರೆ ಮೋಸದ ಕೇಸು. ಆಮೇಲೆ ಜನ್ಮದಲ್ಲಿ ಎಲ್ಲೂ ದಾರಿ ಹಾಕೋ ಹಾಗಿಲ್ಲ."

"ಹಾಕ್ತೀಯಾ?" ಎಂದರು ಅತ್ತೆ.

"ಜಪ್ಪಯ್ಯ ಅಂದ್ರೂ ಹಾಕಲ್ಲ!" ಎಂದಳು ಅಕ್ಕ. "ಕೇಸು ಹಾಕ್ಲಿ, ಕೆಲಸ ಕಿತ್ಕೊಳ್ಳಲಿ. ಇರೋ ದಿಬ್ಬಾನ ಇಲ್ಲ ಅಂತ ನನ್ನ ಕೈಯಲ್ಲಿ ಬರೆಸೋಕೆ ಯಾರಿಂದಲೂ ಆಗಲ್ಲ."

ಸೊಸೆಗೆ ಅಳು ಬಂತು, ಹೆಮ್ಮೆಯೂ ಆಯಿತು. ಅಪ್ಪ ತೀರಿಕೊಂಡ ಮೇಲೆ ಮನೆಯನ್ನು ಹೆಗಲ ಮೇಲೆ ಹೊತ್ತವಳು ಈ ಅಕ್ಕ. ಅವಳನ್ನು ಕಳ್ಳಿ ಅಂದರೆ ಕೇಳಿಕೊಂಡು ಕೂರುವುದಾದರೂ ಹೇಗೆ! ಕಾಲರನ್ನು ಅಲ್ಲಿಗೇ ಬಿಟ್ಟು, ಆ ತಪ್ಪೊಪ್ಪಿಗೆ ಪತ್ರವನ್ನು ತನ್ನ ಚೀಲಕ್ಕೆ ತುರುಕಿ ಸ್ಕೂಟರಿನ ಕೀಲಿ ಎತ್ತಿಕೊಂಡಳು. ಕತ್ತಿನಲ್ಲಿ ಅಳತೆಯ ಟೇಪು ಜೋತಾಡುತ್ತಿದ್ದದ್ದು ಅವಳಿಗೆ ನೆನಪೇ ಆಗಲಿಲ್ಲ.

ಬಂದರಿನ ಪಕ್ಕದ ಕಚೇರಿಯ ಹಿಂದೆ ಕೊಳವೆಗಳ ಶೆಡ್ಡು. ಅಲ್ಲಿನ ಉಸ್ತುವಾರಿಯವರನ್ನು ಎಲ್ಲರೂ ಕೀಲಿ ಮಾಮ ಎನ್ನುತ್ತಿದ್ದರು. ಬೀಗ ಒಡೆದಿರಲಿಲ್ಲ.

"ಕೀಲಿ ಎರಡೇ ಎರಡು ಅಮ್ಮಾ," ಎಂದರು ಮಾಮ. "ಒಂದು ನನ್ನ ಸೊಂಟದಲ್ಲಿ, ಇನ್ನೊಂದು ಮುಖ್ಯಸ್ಥರ ಡ್ರಾಯರಿನಲ್ಲಿ. ನಿನ್ನೆ ಸಂಜೆ ಕೊನೆಗೆ ಹೊರಗೆ ಬಂದಿದ್ದು ನಿಮ್ಮ ಹುಡುಗಿ. ಕೀಲಿ ವಾಪಸು ಕೊಟ್ಟಿದಾಳೆ, ಪುಸ್ತಕದಲ್ಲಿ ರುಜು ಇದೆ. ಬೆಳಗ್ಗೆ ಎಂಟಕ್ಕೆ ಬಾಗಿಲು ತೆಗೆದವನು ನಾನು. ಆಗಲೇ ಕೊಳವೆ ಖಾಲಿ."

ಅತ್ತೆ ಕೊಳವೆಗಳ ಸಾಲನ್ನು ನೋಡುತ್ತ ಹೋದರು. ಒಂದೊಂದರ ಮೇಲೂ ದಪ್ಪ ಮಸಿಯಲ್ಲಿ ಅಂಕಿ. "ಇದನ್ನೆಲ್ಲ ಬರೆದವರು ಯಾರು?"

"ನಾನೇ. ಒಂದು ಅಂದ್ರೆ ದಡದ ಹತ್ತಿರದ್ದು. ಆಮೇಲೆ ಎರಡು, ಮೂರು, ಹಾಗೇ ಗೋಪುರದವರೆಗೆ. ಈ ಶೆಡ್ಡಿನಲ್ಲಿ ಮೊದಲಿಂದ ಅದೇ ರೂಢಿ."

ಆಮೇಲೆ ಅತ್ತೆ ಮಾಡಿದ ಕೆಲಸ ನೋಡಿ ಸೊಸೆಗೆ ನಾಚಿಕೆಯಾಯಿತು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಿಂಕಿನ ಕೆಳಗೆ ನುಸುಳಿದರು. "ಒಂದು ಸ್ಪ್ಯಾನರು ಕೊಡಿ, ಒಂದು ಬಕೆಟ್ಟು ತನ್ನಿ," ಎಂದು ಕೂಗಿದರು. ಸ್ವಲ್ಪ ಹೊತ್ತು ಗುದ್ದಾಟ ನಡೆಯಿತು, ಬಕೆಟ್ಟಿಗೆ ಏನೋ ದೊಪ್ಪನೆ ಬಿತ್ತು. ಅತ್ತೆ ಅದನ್ನು ಯಾರಿಗೂ ತೋರಿಸಲಿಲ್ಲ. ಮುಚ್ಚಳ ಹಾಕಿಸಿ, ಕೀಲಿ ಮಾಮನನ್ನು ಅದರ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿದರು.

ಮುಖ್ಯಸ್ಥರ ಕೋಣೆ ಮೇಲಿನ ಮಹಡಿಯಲ್ಲಿತ್ತು. ಎತ್ತರದ, ಒಳ್ಳೆಯ ಬಟ್ಟೆ ತೊಟ್ಟ ಮನುಷ್ಯ. ಮಾತು ಬೆಣ್ಣೆಯಂತೆ ನಯ. "ನನಗೂ ಬೇಜಾರಾಗಿದೆ ಮೇಡಂ. ನನ್ನ ಮಗಳ ಹಾಗಿದ್ದಳು. ಆದರೆ ಬಿರುಗಾಳಿಯ ಕಾಲ ಬರೋದರೊಳಗೆ ಕರೆಂಟು ಕೊಡ್ತೀನಿ ಅಂತ ನಾನು ಎಲ್ಲರ ಮುಂದೆ ಮಾತು ಕೊಟ್ಟಿದ್ದೀನಿ. ಈ ತಿರುವಿನಿಂದ ನಾಲ್ಕು ಕಿಲೋಮೀಟರು ಹೆಚ್ಚಿಗೆ ಕೇಬಲ್ ಬೇಕು. ಅದು ತಯಾರಾಗೋಕೆ ಒಂದು ವರ್ಷ."

"ಇನ್ನೊಂದು ಕೊಳವೆ ತೆಗೆಸಬಹುದಲ್ಲ?" ಎಂದಳು ಸೊಸೆ.

"ತಳದ ಮಣ್ಣು ತೆಗೆಯೋ ಹಡಗು ಹೊರಟುಹೋಯ್ತಮ್ಮ, ಇನ್ನು ಆರು ತಿಂಗಳು ಬರಲ್ಲ. ದಾರಿ ಇವತ್ತೇ ಗಟ್ಟಿಯಾಗಬೇಕು."

ಅತ್ತೆ ಗೋಡೆಯ ಮೇಲಿನ ನಕ್ಷೆಯ ಮುಂದೆ ನಿಂತಿದ್ದರು. ಸಾಲಾಗಿ ಗುಂಡುಪಿನ್ನುಗಳು, ಪಕ್ಕದಲ್ಲಿ ಅಚ್ಚುಕಟ್ಟಾದ ಅಂಕಿಗಳು. ದಡದ ಹತ್ತಿರದ ಪಿನ್ನಿನ ಪಕ್ಕ ಮೂವತ್ತೆರಡು ಎಂದಿತ್ತು. ನಕ್ಷೆಯ ಕೆಳಗೆ ಹೆಲ್ಮೆಟ್ ಹಾಕಿಕೊಂಡು ಹಡಗಿನ ಮೇಲೆ ನಿಂತ ತರುಣನ ಹಳೆಯ ಫೋಟೋ.

"ಇದು ನೀವೇನಾ? ಅಂಕಿ ಬರೆದಿದ್ದೂ ನೀವೇ?"

"ಎರಡೂ ನಾನೇ!" ಮುಖ್ಯಸ್ಥರ ಮುಖ ಅರಳಿತು. "ಇಪ್ಪತ್ತು ವರ್ಷ ಕೇಬಲ್ ಹಡಗಿನಲ್ಲಿದ್ದೆ ಮೇಡಂ. ಮೇಜಿನ ಕೆಲಸ ಸಿಕ್ಕಿದ್ದು ಆಮೇಲೆ."

ಅಷ್ಟರಲ್ಲಿ ಕೇಬಲ್ ಹಡಗಿನ ಕ್ಯಾಪ್ಟನ್ ಬಂದರು. ಬಂದರಿನಲ್ಲಿ ಜಾಗವಿಲ್ಲದೆ ಅವರ ಹಡಗು ಎರಡು ದಿನದಿಂದ ಹೊರಗೆ ಲಂಗರು ಹಾಕಿ ನಿಂತಿತ್ತು. ಆಗತಾನೇ, ಹನ್ನೆರಡಕ್ಕೆ, ಬಂದರಿನ ದೋಣಿಯಲ್ಲಿ ದಡಕ್ಕೆ ಇಳಿದಿದ್ದರು.

"ಕೆಲಸ ಎಲ್ಲಿಂದ ಶುರು ಮಾಡ್ತೀರಿ?" ಎಂದು ಅತ್ತೆ ಅವರನ್ನು ಲೋಕಾಭಿರಾಮವಾಗಿ ಕೇಳಿದರು.

"ಗೋಪುರದ ಬುಡದಿಂದ. ಅಲ್ಲಿ ಕೇಬಲ್ ತುದಿ ಕಟ್ಟಿ ದಡದ ಕಡೆ ಬಿಡ್ತಾ ಬರ್ತೀವಿ. ತಿರುವಿದ್ರೆ ತಿರುಗಿಸ್ತೀನಿ, ಇಲ್ಲದಿದ್ರೆ ನೇರ. ನನಗೇನಂತೆ!"

ಮೆಟ್ಟಿಲಿಳಿಯುವಾಗ ಸೊಸೆಯ ಕತ್ತಿನಿಂದ ಟೇಪು ಜಾರಿ ಬಿತ್ತು. ಎತ್ತಿಕೊಟ್ಟ ಅತ್ತೆ ಅದನ್ನೇ ನೋಡುತ್ತ ನಿಂತುಬಿಟ್ಟರು.

"ಇದೇನೇ, ಈ ಮುಖದಲ್ಲಿ ಒಂಬತ್ತು ಇರೋ ಕಡೆ ಆ ಮುಖದಲ್ಲಿ ನೂರ ನಲವತ್ತೊಂದಿದೆ?"

"ಎಲ್ಲ ಟೇಪೂ ಹಾಗೇ ಅತ್ತೆ. ಯಾವ ತುದಿ ಕೈಗೆ ಸಿಕ್ಕಿದ್ರೂ ಅಲ್ಲಿಂದ ಅಳೀಬಹುದು. ನಿಮಗೆ ಇದು ಗೊತ್ತಿಲ್ವಾ? ಮೂವತ್ತು ವರ್ಷ ಏನು ಇನ್ಸ್‌ಪೆಕ್ಷನ್ ಮಾಡಿದ್ರೋ!"

ಬೇರೆ ದಿನವಾಗಿದ್ದರೆ ಈ ಮಾತಿಗೆ ಸರಿಯಾದ ಉತ್ತರ ಸಿಗುತ್ತಿತ್ತು. ಅತ್ತೆ ನಕ್ಕು ಸೊಸೆಯ ಕೆನ್ನೆ ತಟ್ಟಿದರು. "ನಿನ್ನ ಚೀಲದಲ್ಲಿ ಅಂಗಿಯ ಗುಂಡಿ ಇದಾವಾ? ನಾಲ್ಕು ಬೇಕು," ಎಂದರು.

ಮೂರು ಗಂಟೆಗೆ ಸಭೆಯ ಕೋಣೆಯಲ್ಲಿ ಎಲ್ಲರೂ ಸೇರಿದರು, ಕ್ಯಾಪ್ಟನ್ನರೂ, ಮುಚ್ಚಿದ ಬಕೆಟ್ಟು ಹಿಡಿದ ಕೀಲಿ ಮಾಮನೂ. ತಪಾಸಣಾಧಿಕಾರಿ ಕನ್ನಡಕದ ಗಟ್ಟಿ ಹೆಂಗಸು, ಹೆಚ್ಚು ಮಾತಿಲ್ಲ. ಮುಖ್ಯಸ್ಥರು ಅಕ್ಕನ ಮುಂದೆ ಪೆನ್ನು ಇಟ್ಟರು. "ಆ ಪತ್ರ ತೆಗೆದು ರುಜು ಹಾಕಮ್ಮ. ಇಲ್ಲಿಗೇ ಮುಗಿಸಿಬಿಡೋಣ."

"ಹಾಕಲ್ಲ," ಎಂದಳು ಅಕ್ಕ, ಕಡ್ಡಿ ಮುರಿದ ಹಾಗೆ. ಪೆನ್ನನ್ನು ಬೆರಳಿನಿಂದ ಅವರತ್ತಲೇ ಉರುಳಿಸಿದಳು.

"ಅದಕ್ಕೆ ಮುಂಚೆ ಒಂದು ಸಣ್ಣ ಕೆಲಸ," ಎಂದು ಅತ್ತೆ ಎದ್ದರು. ಅಧಿಕಾರಿ ತಲೆಯಾಡಿಸಿದ ಮೇಲೆ, ಒಂದೂ ಅಂಕಿ ಇಲ್ಲದ ದಾರಿಯ ನಕ್ಷೆಯನ್ನು ಮೇಜಿನ ಮೇಲೆ ಹಾಸಿ ನಾಲ್ವರ ಕೈಗೂ ಒಂದೊಂದು ಗುಂಡಿ ಕೊಟ್ಟರು. "ಕಿಲೋಮೀಟರಿಗೆ ಒಂದರಂತೆ ಮೂವತ್ತೆರಡು ಗೆರೆ ಇದಾವೆ. ಆ ಕಾಗದದಲ್ಲಿ ಒಂಬತ್ತನೇ ಕಿಲೋಮೀಟರು ಅಂತ ಇದೆಯಲ್ಲ, ಅದು ಎಲ್ಲಿದೆಯೋ ಅಲ್ಲಿ ಗುಂಡಿ ಇಡಿ. ನಾನು ಮುದುಕಿ, ನನಗೆ ಗೊತ್ತಾಗ್ತಿಲ್ಲ."

ಕೀಲಿ ಮಾಮ ದಡದಿಂದ ಎಣಿಸಿ ಇಟ್ಟರು. ಅಕ್ಕನ ಗುಂಡಿಯೂ ಅದರ ಪಕ್ಕದಲ್ಲೇ ಕೂತಿತು. ಕ್ಯಾಪ್ಟನ್ ಗೋಪುರದಿಂದ ಎಣಿಸಿ ದೂರದ ನೀರಿನಲ್ಲಿ ಇಟ್ಟರು. ಇದೆಂಥ ಮಕ್ಕಳಾಟ ಎಂಬಂತೆ ಮುಖ್ಯಸ್ಥರು ಎಣಿಸುವ ಗೋಜಿಗೂ ಹೋಗದೆ ತಮ್ಮ ಗುಂಡಿಯನ್ನು ಕ್ಯಾಪ್ಟನ್ನರ ಗುಂಡಿಯ ಪಕ್ಕಕ್ಕೆ ತಳ್ಳಿದರು.

"ದಿಬ್ಬ ಎಲ್ಲಿದೆ, ಈಗ ತೋರಿಸಮ್ಮ," ಎಂದರು ಅತ್ತೆ.

ಅಕ್ಕ ಬೆರಳಿಟ್ಟಳು. ಆ ಎರಡು ಗುಂಡಿಗಳು ಕೂತಿದ್ದ ಜಾಗದಲ್ಲೇ. "ದಡದಿಂದ ಇಪ್ಪತ್ನಾಲ್ಕು," ಎಂದಳು. ಅವಳ ಕಣ್ಣು ಅಗಲವಾಯಿತು.

ಅತ್ತೆ ಟೇಪನ್ನು ಎತ್ತಿ ಹಿಡಿದರು. "ಇದಕ್ಕೆ ಎರಡು ತುದಿ. ನಿಮ್ಮ ದಾರಿಗೂ ಎರಡು ತುದಿ. ದಡದಿಂದ ಇಪ್ಪತ್ನಾಲ್ಕನೆಯದು ಸಮುದ್ರದಿಂದ ಒಂಬತ್ತನೆಯದು. ಕಾಗದ ಬರೆದವನಿಗೆ ಗಾಬರಿಯಲ್ಲಿ ಅಂಕಿ ತಪ್ಪಲಿಲ್ಲ. ಅವನ ಲೆಕ್ಕದಲ್ಲಿ ಅದೇ ಸರಿ. ಈ ಹುಡುಗಿ ಬರೆದಿದ್ರೆ ಇಪ್ಪತ್ನಾಲ್ಕು ಅಂತಿದ್ದಳು. ಕೊಳವೆ ಮೇಲೆ ಅಂಕಿ ಬರೆದ ಕೀಲಿ ಮಾಮನೂ ಹಾಗೇ. ಸಮುದ್ರದಿಂದ ಎಣಿಸೋರು ಹಡಗಿನವರು, ಅಂದ್ರೆ ಇಲ್ಲಿ ಇಬ್ಬರೇ."

ಎಲ್ಲರೂ ಕ್ಯಾಪ್ಟನ್ನರತ್ತ ತಿರುಗಿದರು. ಅವರ ಮುಖ ಕೆಂಪಾಯಿತು. "ಏ, ನಾನಾ!"

"ನೀವಲ್ಲ. ನೀವು ದಡಕ್ಕೆ ಇಳಿದಿದ್ದು ಹನ್ನೆರಡಕ್ಕೆ. ಕೊಳವೆ ಖಾಲಿಯಾಗಿದ್ದು ಎಂಟರೊಳಗೆ. ಬೀಗ ಒಡೆದಿಲ್ಲ, ನಿಮ್ಮ ಹತ್ರ ಕೀಲಿಯೂ ಇಲ್ಲ. ಕೀಲಿ ಇದ್ದವರು ಇಬ್ಬರು, ಸಮುದ್ರದಿಂದ ಎಣಿಸೋರು ಇಬ್ಬರು. ಎರಡೂ ಕಡೆ ಇರೋರು ಒಬ್ಬರೇ." ಅತ್ತೆ ಮುಖ್ಯಸ್ಥರ ಕಡೆ ನೋಡಿದರು. "ಇಪ್ಪತ್ತು ವರ್ಷದ ಅಭ್ಯಾಸ ಸ್ವಾಮಿ, ಮೇಜಿಗೆ ಬಂದ ಕೂಡ್ಲೇ ಬಿಟ್ಟುಹೋಗುತ್ತಾ? ನಿಮ್ಮ ಗೋಡೆಯ ನಕ್ಷೇಲಿ ದಡಕ್ಕೆ ಮೂವತ್ತೆರಡು ಅಂತ ನೀವೇ ಬರೆದಿದ್ದೀರಿ. ಕೊಳವೆ ಗುರುತಿಸೋಕೆ ಅಂಕಿ ಬೇಕಾಗಲಿಲ್ಲ, ಕೆಂಪು ಬಟ್ಟೆ ಇತ್ತು. ಕಾಗದ ಬರೆಯುವಾಗ ನಿಮ್ಮ ನಕ್ಷೆ ನೋಡ್ಕೊಂಡ್ರಿ."

"ಒಂದು ಅಂಕಿ ಹಿಡ್ಕೊಂಡು ಕತೆ ಕಟ್ತೀರಾ?" ಮುಖ್ಯಸ್ಥರ ನಯವೆಲ್ಲ ಹಾರಿಹೋಗಿತ್ತು. "ಆಯ್ತು, ದಿಬ್ಬ ಎಲ್ಲಿದೆ? ತೋರಿಸಿ! ಹೊರಗಿಂದ ತಂದು ತುಂಬಿದ ನಾಲ್ಕು ಚಿಪ್ಪು ಬಿಟ್ರೆ ಅದರಲ್ಲಿ ಏನಿತ್ತು?"

"ಮಾಮ, ಬಕೆಟ್ಟು."

ಕೀಲಿ ಮಾಮ ಮುಚ್ಚಳ ತೆಗೆದರು. ಒಳಗೆ ಮುಷ್ಟಿಗಾತ್ರದ ಗಂಟೊಂದಿತ್ತು. ಚಿಪ್ಪಿನ ಮೇಲೆ ಚಿಪ್ಪು ಬೆಳೆದು, ಸಂದಿಯಲ್ಲೆಲ್ಲ ಬೂದು ಕೆಸರು ಗಟ್ಟಿಯಾಗಿತ್ತು.

"ಕೆಸರು ತೊಳೆದರೆ ಹೋಗುತ್ತೆ. ಇದು ಸಿಂಕಿನ ಕೆಳಗಿನ ಪೈಪಿನ ಬಾಗಿನಲ್ಲಿ ಸಿಕ್ಕಿಕೊಂಡಿತ್ತು. ಕೈಯಲ್ಲಿ ತುಂಬಿದ ಚಿಪ್ಪು ಹೀಗೆ ಒಂದಕ್ಕೊಂದು ಬೆಸೆದುಕೊಳ್ಳುತ್ತಾ, ನೀವೇ ನೋಡಿ ಮೇಡಂ."

ಅಧಿಕಾರಿ ಗಂಟನ್ನು ಎತ್ತಿ ಬೆಳಕಿಗೆ ಹಿಡಿದರು. ಒಂದು ಚಿಪ್ಪು ಅವರ ಕೈಯಲ್ಲೇ ಮೆಲ್ಲಗೆ ಬಾಯಿ ಮುಚ್ಚಿಕೊಂಡಿತು. "ಜೀವ ಇದೆ," ಎಂದರು. ಬಂದಾಗಿನಿಂದ ಅವರು ಆಡಿದ ಮೊದಲ ಮಾತು ಅದು.

ಮುಖ್ಯಸ್ಥರು ಕುಸಿದು ಕೂತರು. "ಒಂದು ವರ್ಷ... ಈ ಚಿಪ್ಪಿಗೋಸ್ಕರ ಒಂದು ವರ್ಷ. ನನ್ನ ಮಾತಿಗೆ ಬೆಲೆ ಬೇಡವಾ?"

"ನಿಮ್ಮ ಮಾತು ಉಳಿಸ್ಕೊಳ್ಳೋಕೆ ನನ್ನನ್ನ ಕಳ್ಳಿ ಮಾಡಿದ್ರಿ," ಎಂದಳು ಅಕ್ಕ. "ಮಗಳ ಹಾಗೆ ಅಂತಿದ್ರಿ ಸಾರ್. ಇದನ್ನ ನಾನು ಕ್ಷಮಿಸಲ್ಲ."

ಅಧಿಕಾರಿ ಡ್ರಾಯರಿನಲ್ಲಿ ಸಿಕ್ಕಿದ್ದ ಕಾಗದವನ್ನು, ಕೊಳವೆಯನ್ನು, ಬಕೆಟ್ಟನ್ನು ವಶಕ್ಕೆ ತೆಗೆದುಕೊಂಡರು. ಮುಖ್ಯಸ್ಥರ ಮೇಲೆ ವರದಿ ಅಂದೇ ಹೋಗುತ್ತದೆ ಎಂದರು. ಆಮೇಲೆ ಅಕ್ಕನತ್ತ ತಿರುಗಿ, "ತಿರುವು ಹೀಗೇ ಇರಲಾ?" ಎಂದು ಕೇಳಿದರು.

ಅಕ್ಕ ಒಂದು ಕ್ಷಣ ನಕ್ಷೆ ನೋಡಿದಳು. ಮುಖ್ಯಸ್ಥರು ಅವಳ ಮುಂದೆ ತಂದಿಟ್ಟಿದ್ದ ಪೆನ್ನನ್ನೇ ಎತ್ತಿಕೊಂಡು, ದಾರಿಯನ್ನು ದಿಬ್ಬದಿಂದ ಇನ್ನೂ ಇನ್ನೂರು ಮೀಟರು ಆಚೆಗೆ ಎಳೆದಳು. ಅದರ ಕೆಳಗೆ ದೊಡ್ಡದಾಗಿ ರುಜು ಹಾಕಿದಳು.

ಮನೆಗೆ ಬಂದಾಗ ಐದು ದಾಟಿತ್ತು. ಬಸ್ ಡ್ರೈವರು ಅಂಗಿಗಾಗಿ ಬಾಗಿಲಲ್ಲೇ ಕೂತಿದ್ದರು, ಮುಖ ಗಂಟಿಕ್ಕಿಕೊಂಡು. ಸೊಸೆ ಗಡಿಬಿಡಿಯಲ್ಲಿ ಕಾಲರಿನ ಮಾದರಿ ಕತ್ತರಿಸಲು ಗಟ್ಟಿ ಕಾಗದ ಹುಡುಕಿದಳು. ಚೀಲದಲ್ಲಿ ತಪ್ಪೊಪ್ಪಿಗೆ ಪತ್ರ ಹಾಗೇ ಇತ್ತು.

"ಇದನ್ನ ಕತ್ತರಿಸಲಾ ಅಕ್ಕಾ?"

"ಕತ್ತರಿಸು," ಎಂದಳು ಅಕ್ಕ, ಬೆಳಗ್ಗಿನಿಂದ ಒಣಗಿ ಅಂಟಿದ್ದ ಕೈಯ ಕೆಸರು ತೊಳೆದುಕೊಳ್ಳುತ್ತ. "ಕಾಗದ ಒಳ್ಳೇದು."

ಕತ್ತರಿ ಕರಕರ ಸದ್ದು ಮಾಡುತ್ತ ಹೋಯಿತು. ರುಜುವಿನ ಖಾಲಿ ಜಾಗ ಸರಿಯಾಗಿ ಕಾಲರಿನ ನಡುವೆ ಬಂತು. ಆ ಮಾದರಿ ಇವತ್ತಿಗೂ ಸೊಸೆಯ ಮೇಜಿನ ಪಕ್ಕದ ಮೊಳೆಗೆ ನೇತಾಡುತ್ತಿದೆ. ಊರಿನ ಅರ್ಧ ಅಂಗಿಗಳ ಕಾಲರು ಅದರ ಅಳತೆಯಲ್ಲೇ ಇವೆ.