ಬೆಂಚಿನ ಮೇಲಿನ ಗುಬ್ಬಿ

ಗೆಲ್ಲುವ ತಂಡ ಬಿಟ್ಟು ಸೋಲುವ ತಂಡಕ್ಕೆ ಯಾರಾದರೂ ತಾವಾಗಿಯೇ ಬರುತ್ತಾರೆಯೇ?

ಆ ಹುಡುಗ ಕೈಯಲ್ಲಿ ಶೂ ಹಿಡಿದುಕೊಂಡು ಕಾಲೇಜಿನ ಒಳಾಂಗಣ ಕ್ರೀಡಾಂಗಣದ ಬಾಗಿಲಲ್ಲಿ ನಿಂತ ದಿನವೇ ಅವಳಿಗೆ ಅನುಮಾನ ಹುಟ್ಟಿತು. ಅವಳು ಬ್ಯಾಸ್ಕೆಟ್‌ಬಾಲ್ ಕೋಚ್‌ನ ಮಗಳು. ಅದೇ ಕಾಲೇಜಿನಲ್ಲಿ ಎಂಎಸ್ಸಿ ಓದುತ್ತಿದ್ದಳು. ಪ್ರತಿ ಪಂದ್ಯದಲ್ಲೂ ಅಪ್ಪನ ಪಕ್ಕ ಕೂತು ಯಾರು ಎಷ್ಟು ಶಾಟ್ ಹಾಕಿದರು, ಯಾರ ಕೈಯಿಂದ ಚೆಂಡು ಜಾರಿತು ಎಂದು ಬರೆಯುವುದು ಅವಳ ಕೆಲಸ. ಮೂರು ವರ್ಷದಿಂದ ಬರೆದದ್ದೆಲ್ಲ ಸೋಲೇ. ಲೀಗಿನ ಹನ್ನೆರಡು ಕಾಲೇಜುಗಳಲ್ಲಿ ಅವರದು ಹನ್ನೆರಡನೆಯದು. ಬಂದವನೋ, ಮೂರು ವರ್ಷವೂ ಕಪ್ ಎತ್ತಿದ ಚಾಂಪಿಯನ್ ಕಾಲೇಜಿನವನು.

"ಅಲ್ಲಿ ಏನು ಕಮ್ಮಿಯಾಗಿತ್ತು?" ಎಂದು ನೇರವಾಗಿಯೇ ಕೇಳಿದಳು.

"ಇಲ್ಲಿ ಕ್ಯಾಂಟೀನ್ ಕಾಫಿ ಚೆನ್ನಾಗಿದೆಯಂತೆ."

"ನಮ್ಮ ಕ್ಯಾಂಟೀನ್ ಕಾಫಿನ ಇವತ್ತಿನವರೆಗೆ ಯಾರೂ ಹೊಗಳಿಲ್ಲ."

ಅವನು ನಕ್ಕ. ಒಂದೇ ಕೆನ್ನೆಯಲ್ಲಿ ಗುಳಿ ಬಿತ್ತು. ಅದೂ ಅವಳಿಗೆ ಸರಿಕಾಣಲಿಲ್ಲ.

ಕುಳ್ಳಗಿದ್ದನೆಂದು ಹುಡುಗರು ಅವನಿಗೆ ಗುಬ್ಬಿ ಎಂದು ಹೆಸರಿಟ್ಟರು. ಗುಬ್ಬಿ ತಾನಾಗಿ ಶಾಟ್ ಹಾಕಿದ್ದು ಕಡಿಮೆ, ಬೇರೆಯವರ ಕೈಗೆ ಚೆಂಡು ತಲುಪಿಸಿದ್ದೇ ಹೆಚ್ಚು. ತನ್ನ ಕಾಲಿಗೆ ತಾನೇ ಎಡವಿ ಬೀಳುತ್ತಿದ್ದ, ಎಲ್ಲರೂ ಕೊಕ್ಕರೆ ಎಂದು ಕರೆಯುತ್ತಿದ್ದ ಉದ್ದನೆಯ ಹುಡುಗ ಮೊದಲ ಪಂದ್ಯದಲ್ಲೇ ಹದಿನೆಂಟು ಪಾಯಿಂಟ್ ಹಾಕಿದ. ಗೆದ್ದರು. ಮುಂದಿನ ವಾರವೂ ಗೆದ್ದರು. ಐದನೆಯ ಗೆಲುವಿನ ಹೊತ್ತಿಗೆ, ಒಂದು ಕಾಲದಲ್ಲಿ ಕಾವಲುಗಾರನೊಬ್ಬನೇ ಕೂತು ನೋಡುತ್ತಿದ್ದ ಗ್ಯಾಲರಿಯಲ್ಲಿ ನಿಲ್ಲಲೂ ಜಾಗವಿರಲಿಲ್ಲ.

"ಅಪ್ಪಾ, ಇವನನ್ನ ನಂಬಬೇಡಿ. ಅವರೇ ಕಳಿಸಿರಬಹುದು. ತನ್ನ ಹಳೇ ಕಾಲೇಜಿನ ಎದುರು ಆಡೋ ದಿನ ಬರಲಿ, ನೋಡಿ."

"ನಿಂಗೆ ಹಾಲು ಕೊಟ್ರೂ ಅದರಲ್ಲಿ ಹುಳ ಹುಡುಕ್ತೀಯಲ್ಲೇ," ಎಂದರು ಅಪ್ಪ.

ಅವಳು ಹುಡುಕುತ್ತಲೇ ಇದ್ದಳು. ಅವನು ಯಾರ ಜೊತೆ ಫೋನಿನಲ್ಲಿ ಮಾತಾಡುತ್ತಾನೆ, ನೀರು ಕುಡಿಯುವಾಗ ಎತ್ತ ನೋಡುತ್ತಾನೆ, ಎಲ್ಲವನ್ನೂ ಗಮನಿಸಿದಳು. ನೀರು ಕುಡಿಯುವಾಗ ಅವನು ನೋಡುತ್ತಿದ್ದದ್ದು ಅವಳತ್ತಲೇ.

"ಎಲ್ಲರೂ ನನ್ನನ್ನ ಅಕ್ಕ ಅಂತಾರೆ. ನೀನೊಬ್ಬನೇ ಯಾಕೆ ಅನ್ನಲ್ಲ?"

"ಒಂದ್ಸಲ ಅಂದುಬಿಟ್ರೆ ವಾಪಸ್ ತಗೊಳ್ಳೋಕಾಗಲ್ಲ, ಅದಕ್ಕೆ," ಎಂದು ಅವನು ಲೇಸ್ ಕಟ್ಟಲು ಬಗ್ಗಿದ. ಆಗಲೇ ಕಟ್ಟಿದ್ದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದ. ಅವಳ ಕಿವಿ ಬಿಸಿಯಾಯಿತು. ಪತ್ತೆ ಹಚ್ಚಲು ನೋಡುತ್ತಿದ್ದವಳು ಸುಮ್ಮನೆ ನೋಡುತ್ತಾ ಕೂರುವವಳಾದದ್ದು ಯಾವಾಗ ಎಂದು ಅವಳಿಗೇ ತಿಳಿಯಲಿಲ್ಲ.

ಸೆಮಿಫೈನಲ್ ಚಾಂಪಿಯನ್ ಕಾಲೇಜಿನ ಎದುರೇ ಬಿತ್ತು. ಅದಕ್ಕೆ ಐದು ದಿನ ಮುಂಚೆ ಅವಳು ಆ ಕಾಲೇಜಿನ ಎದುರಿನ ಅಂಗಡಿಗೆ ತಂಡದ ಜರ್ಸಿಗಳನ್ನು ತರಲು ಹೋಗಿದ್ದಳು. ಕಾಲೇಜಿನ ಗೇಟಿನಲ್ಲಿ ಗುಬ್ಬಿ ನಿಂತಿದ್ದ. ಅಲ್ಲಿಯ ಕೋಚ್ ಅವನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದರು. ಅವನು ತಲೆಯಾಡಿಸುತ್ತಿದ್ದ.

ಮರುದಿನ ಕೇಳಿದಳು. "ನಿನ್ನೆ ಪ್ರಾಕ್ಟೀಸ್‌ಗೆ ಯಾಕೆ ಬರಲಿಲ್ಲ?"

"ಹಲ್ಲುನೋವು."

ಇಷ್ಟು ದಿನ ಅನುಮಾನಪಟ್ಟ ತಾನೇ ಅದು ಸುಳ್ಳಾಗಲಿ ಎಂದು ಒಳಗೊಳಗೇ ಬೇಡಿಕೊಂಡದ್ದು ಅವಳಿಗೆ ಆಗಲೇ ಗೊತ್ತಾದದ್ದು. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಬಂದು ಅಪ್ಪನಿಗೆ ಎಲ್ಲ ಹೇಳಿದಳು.

ಸೆಮಿಫೈನಲ್‌ನಲ್ಲಿ ಗುಬ್ಬಿ ಬೆಂಚಿನ ಮೇಲೆ ಕೂತ. ಅಪ್ಪ ಕಾರಣ ಹೇಳಲಿಲ್ಲ, ಅವನೂ ಕೇಳಲಿಲ್ಲ. ಮೊಣಕಾಲ ಮೇಲೆ ಟವೆಲ್ ಹಾಸಿಕೊಂಡು ಆಟ ನೋಡುತ್ತಿದ್ದ. ಕೊಕ್ಕರೆ ಮತ್ತೆ ಎಡವತೊಡಗಿದ. ಅರ್ಧ ಆಟ ಮುಗಿದಾಗ ಹದಿನಾಲ್ಕು ಪಾಯಿಂಟ್ ಹಿಂದಿದ್ದರು.

ವಿರಾಮದಲ್ಲಿ ಚಾಂಪಿಯನ್ ಕೋಚ್ ಫೌಲ್‌ಗಳ ಲೆಕ್ಕ ಕೇಳಲು ಸ್ಕೋರ್ ಬರೆಯುವ ಮೇಜಿನ ಬಳಿ ಬಂದವರು ಅವಳ ಮುಂದೆ ನಿಂತರು.

"ಏನಮ್ಮಾ, ಆ ಹುಡುಗನಿಗೆ ಪೆಟ್ಟಾಗಿದೆಯಾ?"

"ಇಲ್ಲ ಸರ್."

"ಮತ್ತೆ ಯಾಕೆ ಕೂರಿಸಿದ್ದೀರಿ? ಮೂರು ವರ್ಷ ನಾನೇ ಕೂರಿಸಿದ್ದೆ, ಕುಳ್ಳ ಅಂತ. ತಪ್ಪು ಮಾಡಿದೆ. ಮೊನ್ನೆ ಕರೆಸಿ, ಮುಂದಿನ ವರ್ಷ ವಾಪಸ್ ಬಾ, ನೀನೇ ಕ್ಯಾಪ್ಟನ್ ಅಂದೆ. ಮುಖಕ್ಕೇ ಬೇಡ ಅಂದುಬಿಟ್ಟ. ಈಗ ನೋಡಿದ್ರೆ ನೀವೂ ಕೂರಿಸಿದ್ದೀರಿ!"

ಅವಳ ಕೈಯಿಂದ ಪೆನ್ನು ಬಿತ್ತು. ಎತ್ತಿಕೊಳ್ಳದೆ ಎದ್ದು, ಹುಡುಗರ ಮಧ್ಯೆ ನಿಂತಿದ್ದ ಅಪ್ಪನ ಬಳಿ ಓಡಿದಳು.

"ಅಪ್ಪಾ, ನಾನು ಹೇಳಿದ್ದು ತಪ್ಪು. ಅವನು ಹೋಗಿದ್ದು ಬರಲ್ಲ ಅಂತ ಹೇಳೋಕೆ."

ಹುಡುಗರೆಲ್ಲ ಅವಳನ್ನೇ ನೋಡಿದರು. ಅಪ್ಪ ಬೈಯಲಿಲ್ಲ. "ನೀನೇ ಹೋಗಿ ಅವನಿಗೆ ಹೇಳು," ಎಂದರು.

ಗುಬ್ಬಿಗೆ ಎಲ್ಲ ಕೇಳಿಸಿತ್ತು. ಅವಳು ಎದುರು ನಿಂತಾಗ ತಲೆಯೆತ್ತಿದ. ಆ ಕಣ್ಣುಗಳಲ್ಲಿ ತುಂಟತನವಿರಲಿಲ್ಲ.

"ಹಾಗಾದ್ರೆ ಕೂರಿಸಿದ್ದು ನೀವು."

"ಹೌದು. ಬೈಯೋದಿದ್ರೆ ಆಮೇಲೆ ಬೈ. ಈಗ ಆಡು."

ಅವನು ಟವೆಲನ್ನು ಮಡಿಸಿ ಅವಳ ಕೈಗೆ ಕೊಟ್ಟು ಅಂಗಳಕ್ಕಿಳಿದ.

ಹದಿನಾಲ್ಕು ಒಂಬತ್ತಾಯಿತು, ನಾಲ್ಕಾಯಿತು. ಕೊನೆಯ ಏಳು ಸೆಕೆಂಡಿಗೆ ಒಂದೇ ಪಾಯಿಂಟ್ ಹಿಂದೆ. ಚೆಂಡು ಗುಬ್ಬಿಯ ಕೈಯಲ್ಲಿ, ಅವನ ಸುತ್ತ ಇಬ್ಬರು. ತನ್ನ ಹಳೆಯ ಕೋಚ್‌ನ ಎದುರು ಅವನೇ ಹೀರೋ ಆಗಬಹುದಿತ್ತು. ಅವನು ನೋಡದೆಯೇ ಚೆಂಡನ್ನು ಬೆನ್ನ ಹಿಂದಿನಿಂದ ಕೊಕ್ಕರೆಗೆ ಕೊಟ್ಟ. ಕೊಕ್ಕರೆ ಎಸೆದ ಚೆಂಡು ರಿಂಗಿನ ಅಂಚಿನಲ್ಲಿ ಎರಡು ಸುತ್ತು ಸುತ್ತಿ ಒಳಗೆ ಬಿತ್ತು.

ಗ್ಯಾಲರಿ ಹುಚ್ಚೆದ್ದಿತು. ಅಪ್ಪ ರೆಫರಿಯನ್ನೇ ತಬ್ಬಿಕೊಂಡರು. ಅವಳು ಆ ಟವೆಲಿನಲ್ಲಿ ಕಣ್ಣೊರೆಸಿಕೊಂಡಳು.

ಆಮೇಲಿನ ನಾಲ್ಕು ದಿನ ಗುಬ್ಬಿ ಅವಳ ಜೊತೆ ಮಾತಾಡಲಿಲ್ಲ. ಎದುರಿಗೆ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. ಆ ಮರ್ಯಾದೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಫೈನಲ್‌ನಲ್ಲಿ ಆರು ಪಾಯಿಂಟ್‌ಗಳಿಂದ ಸೋತರು. ಆದರೂ ಹನ್ನೆರಡನೆಯವರು ಎರಡನೆಯವರಾದ ಖುಷಿಗೆ ಹುಡುಗರು ಸೋತದ್ದನ್ನೇ ಮರೆತು ಕುಣಿದರು. ಗುಬ್ಬಿ ಮಾತ್ರ ಹೊರಗೆ ಮೆಟ್ಟಿಲ ಮೇಲೆ ಕೂತು ಪಾದಕ್ಕೆ ಸುತ್ತಿದ ಪಟ್ಟಿ ಬಿಚ್ಚುತ್ತಿದ್ದ. ಮಧ್ಯಾಹ್ನದ ಬಿಸಿಲು ಅವನ ಕತ್ತಿನ ಮೇಲೆ ಬಿದ್ದಿತ್ತು. ಅವಳು ಒಂದು ಮೆಟ್ಟಿಲು ಕೆಳಗೆ ಕೂತಳು.

"ನಾಲ್ಕು ದಿನದಿಂದ ಬೈಗುಳಕ್ಕೆ ಕಾಯ್ತಿದ್ದೀನಿ."

"ಬೈಯೋಣ ಅಂದ್ಕೊಂಡಿದ್ದೆ. ಆದ್ರೆ ಸುಳ್ಳು ಹೇಳಿದ್ದು ನಾನೇ. ಅವರು ವಾಪಸ್ ಕರೆದ ಸುದ್ದಿ ಕೇಳಿದ್ರೆ, ನಾನು ಹೋಗಿಬಿಡ್ತೀನೇನೋ ಅಂತ ಹುಡುಗರು ಹೆದರ್ತಾರೆ ಅನ್ನಿಸ್ತು."

"ಹಲ್ಲುನೋವು ಅಂತ ಹೇಳೋದಾ? ಅವತ್ತು ಕ್ಯಾಂಟೀನಲ್ಲಿ ನೀನು ಕಟಕಟ ಅಂತ ಚಕ್ಕುಲಿ ತಿಂತಿದ್ದೆ!"

ಅವನಿಗೆ ನಗು ತಡೆಯಲಾಗಲಿಲ್ಲ. ಅವಳು ಮೊಣಕಾಲನ್ನು ಅಪ್ಪಿಕೊಂಡು ಮೆಲ್ಲಗೆ ಕೇಳಿದಳು.

"ಒಂದು ವಿಷಯ ಕೇಳ್ತೀನಿ. ನೀನು ಬಂದಿದ್ದು ನನಗೋಸ್ಕರವಾ ಅಂತ ಒಮ್ಮೊಮ್ಮೆ ಅನ್ನಿಸಿದ್ದಿದೆ."

"ಇಲ್ಲಪ್ಪ. ನೀವು ಒಬ್ಬರು ಇದ್ದೀರಿ ಅಂತಾನೇ ಗೊತ್ತಿರಲಿಲ್ಲ. ಆಡೋಕೆ ಬಂದೆ, ಅಷ್ಟೇ."

ಹೌದು ಎಂದಿದ್ದರೆ ಅವಳು ಒಂದು ಗಳಿಗೆಯೂ ನಂಬುತ್ತಿರಲಿಲ್ಲ. ಇದನ್ನು ಪೂರ್ತಿ ನಂಬಿದಳು.

"ಇನ್ನು ಮುಂದೆ ಅನುಮಾನ ಬಂದ್ರೆ ಕೋಚ್‌ಗೆ ಹೇಳಬೇಡಿ," ಎಂದ ಅವನು. "ನನ್ನನ್ನೇ ಕೇಳಿ."

"ಈಗಲೇ ಒಂದಿದೆ."

"ಕೇಳಿ."

"ನಿಂಗೆ ನಾನಂದ್ರೆ ಇಷ್ಟ ಅಂತ ಅನುಮಾನ."

ಅವನ ಕೈಯಲ್ಲಿದ್ದ ಪಟ್ಟಿ ಬಿಚ್ಚಿಕೊಂಡು ಮೆಟ್ಟಿಲುಗಳ ಮೇಲೆ ಉರುಳುತ್ತಾ ಹೋಯಿತು. ಇಬ್ಬರೂ ಅದನ್ನು ಹಿಡಿಯಲಿಲ್ಲ.

"ಯಾವಾಗಿಂದ ಈ ಅನುಮಾನ?" ಎಂದು ಕೇಳಿದ.

"ನಂಗೆ ನೀನು ಇಷ್ಟ ಆದಾಗಿಂದ."

ಅವನು ಒಂದು ಮೆಟ್ಟಿಲು ಕೆಳಗಿಳಿದು ಅವಳ ಪಕ್ಕ ಕೂತ.

"ಅನುಮಾನವೇ ಬೇಡ," ಎಂದ.